ಬಿಡುಗಡೆಗೆ ಮುನ್ನ ವ್ಯಸನದ ಚಿಕಿತ್ಸೆ

ಮನೆಯಲ್ಲಿ ದುಡಿಯುವ ಗಂಡಸು ಸೆರೆಮನೆ ಸೇರಿದನೆಂದರೆ ಆ ಕುಟುಂಬಕ್ಕೆ ಒದಗುವ ಕಷ್ಟಗಳು ಒಂದೆರಡಲ್ಲ. ಕೂಲಿ ನಿಲ್ಲುತ್ತದೆ, ಸಾಲ ಕೊಟ್ಟವರು ಬಾಗಿಲಿಗೆ ಬರುತ್ತಾರೆ, ಮಕ್ಕಳು ಶಾಲೆಯಲ್ಲಿ ತಲೆತಗ್ಗಿಸಬೇಕಾಗುತ್ತದೆ. ಇಷ್ಟಾದರೂ, ಆತನಿಗೆ ಕುಡಿತದ ಚಟವಿದ್ದ ಪಕ್ಷದಲ್ಲಿ, ಮನೆಯವರ ಮನಸ್ಸಿನ ಮೂಲೆಯಲ್ಲಿ ಒಂದು ಸಮಾಧಾನ ಇರುವುದುಂಟು. "ಅಲ್ಲಿ ಕುಡಿಯೋದಕ್ಕೆ ಸಿಗೋದಿಲ್ಲವಲ್ಲ ಸ್ವಾಮಿ, ಎರಡು ತಿಂಗಳು ಒಳಗಿದ್ದು ಚಟ ಬಿಟ್ಟು ಬರಲಿ" ಎಂಬ ಮಾತನ್ನು ಹೊರರೋಗಿ ವಿಭಾಗದಲ್ಲಿ ಎಷ್ಟೋ ಮಂದಿ ತಾಯಂದಿರ ಬಾಯಿಂದ ನಾನು ಕೇಳಿದ್ದೇನೆ.

ಈ ನಂಬಿಕೆಯು ಸಹಜವಾದುದು, ಆದರೆ ಸರಿಯಾದುದಲ್ಲ. ಮದ್ಯವು ಸಿಗದಿರುವುದು ಬೇರೆ, ಮದ್ಯವ್ಯಸನವು ವಾಸಿಯಾಗುವುದು ಬೇರೆ. ಸೆರೆಮನೆಯ ದಿನಗಳಲ್ಲಿ ಎರಡು ಗಂಡಾಂತರದ ಘಟ್ಟಗಳಿವೆ. ಒಳಗೆ ಹೋದ ಮೊದಲ ನಾಲ್ಕು ದಿನಗಳು ಒಂದನೆಯದು. ಹೊರಗೆ ಬಂದ ಮೊದಲ ಎರಡು ವಾರಗಳು ಎರಡನೆಯದು. ಇವೆರಡರ ನಡುವಣ ಕಾಲವನ್ನು ಚಿಕಿತ್ಸೆಗೆ ಬಳಸಿಕೊಂಡರೆ ಒಂದು ಜೀವವೂ ಒಂದು ಸಂಸಾರವೂ ಉಳಿಯಬಹುದು. ಅದು ಹೇಗೆಂಬುದನ್ನೂ, ಅದರಲ್ಲಿ ಮನೆಯವರ ಪಾತ್ರವೇನೆಂಬುದನ್ನೂ ಇಲ್ಲಿ ವಿವರಿಸಲಾಗಿದೆ.

ವ್ಯಸನವೆಂದರೇನು?

ದಿನವೂ ಮದ್ಯ ಸೇವಿಸುವವನ ಮಿದುಳು ಆ ಮದ್ಯಕ್ಕೆ ಹೊಂದಿಕೊಳ್ಳುತ್ತದೆ. ಮದ್ಯವು ನರಮಂಡಲವನ್ನು ಮಂಕುಗೊಳಿಸುವ ವಸ್ತು. ಅದಕ್ಕೆ ಎದುರಾಗಿ ಮಿದುಳು ತನ್ನ ಚಟುವಟಿಕೆಯನ್ನು ಹೆಚ್ಚಿಸಿಕೊಳ್ಳುತ್ತದೆ. ಒಂದು ಭಾರವಾದ ಬಾಗಿಲನ್ನು ಹೊರಗಿನಿಂದ ಒಬ್ಬನು ತಳ್ಳುತ್ತಿರುವಾಗ ಒಳಗಿನಿಂದ ಇನ್ನೊಬ್ಬನು ಒತ್ತಿ ಹಿಡಿದಿರುವನೆಂದು ಭಾವಿಸಿರಿ. ಹೊರಗಿನವನು ತಟ್ಟನೆ ಕೈಬಿಟ್ಟರೆ ಒಳಗಿನವನು ಮುಗ್ಗರಿಸಿ ಬೀಳುವನು. ಬಹುಕಾಲ ಕುಡಿದವನಿಗೆ ಒಮ್ಮೆಲೇ ಮದ್ಯ ತಪ್ಪಿದಾಗ ಆಗುವುದೂ ಇದೇ. ಇದು ಶರೀರದೊಳಗಿನ ಬದಲಾವಣೆ. ಬೈದು, ಹೊಡೆದು, ಆಣೆ ಹಾಕಿಸಿ ಇದನ್ನು ಸರಿಪಡಿಸಲಾಗದು.

ವ್ಯಸನವನ್ನು ಗುರುತಿಸುವುದು ಕಷ್ಟವಲ್ಲ. ಬೆಳಗ್ಗೆ ಎದ್ದೊಡನೆ ಕುಡಿಯದಿದ್ದರೆ ಕೈ ನಡುಗುವುದು, ಮೊದಲಿನ ಪ್ರಮಾಣವು ಸಾಲದೆ ದಿನೇ ದಿನೇ ಹೆಚ್ಚು ಬೇಕಾಗುವುದು, ಬಿಡಬೇಕೆಂದು ತಾನೇ ನಿಶ್ಚಯಿಸಿದರೂ ಬಿಡಲಾಗದಿರುವುದು, ಕೆಲಸ, ಮನೆ, ಮಾನ ಹಾಳಾಗುತ್ತಿರುವುದನ್ನು ಕಂಡೂ ಕುಡಿಯುತ್ತಿರುವುದು ಇದರ ಲಕ್ಷಣಗಳು.

ನಮ್ಮ ರಾಜ್ಯದಲ್ಲಿ ಸಾರಾಯಿ ಮಾರಾಟವು 2007ನೆಯ ಇಸವಿಯ ಜುಲೈ 1ರಿಂದ ನಿಷೇಧಗೊಂಡಿದೆ. ಆದರೆ ಬೇರೆ ಮದ್ಯಗಳ ಸೇವನೆಯಿಂದ ಇದೇ ರೋಗ ಮುಂದುವರಿದಿದೆ. ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ನಿಮ್ಹಾನ್ಸ್ ಸಂಸ್ಥೆಯ ತಜ್ಞರು 5,024 ಮಂದಿ ಬಂದಿಗಳನ್ನು ಪರೀಕ್ಷಿಸಿ 2011ರಲ್ಲಿ ವರದಿಯನ್ನು ಪ್ರಕಟಿಸಿದರು. ಅವರಲ್ಲಿ ನೂರಕ್ಕೆ ಸುಮಾರು 80 ಮಂದಿಗೆ ಮಾನಸಿಕ ಕಾಯಿಲೆಯೋ ಮಾದಕವಸ್ತುಗಳ ಸಮಸ್ಯೆಯೋ ಇದ್ದುದು ಕಂಡುಬಂದಿತು. ಮಾದಕವಸ್ತುಗಳ ಸಮಸ್ಯೆಯನ್ನು ಲೆಕ್ಕದಿಂದ ತೆಗೆದರೆ ಆ ಸಂಖ್ಯೆ ನೂರಕ್ಕೆ ಸುಮಾರು 28ಕ್ಕೆ ಇಳಿಯಿತು. ಸೆರೆಮನೆಯ ಗೋಡೆಯೊಳಗೆ ವ್ಯಸನವು ಎಷ್ಟು ದೊಡ್ಡ ರೋಗವೆಂಬುದನ್ನು ಇದರಿಂದ ಊಹಿಸಬಹುದು.

ಮೊದಲ ನಾಲ್ಕು ದಿನಗಳು

ಕೊನೆಯ ಬಾರಿ ಕುಡಿದ ಆರೆಂಟು ಗಂಟೆಗಳಲ್ಲಿ ಕೈನಡುಕ, ಬೆವರು, ವಾಕರಿಕೆ, ನಿದ್ರಾಹೀನತೆ, ಎದೆಬಡಿತ ಆರಂಭವಾಗುತ್ತವೆ. ಮೊದಲ ಎರಡು ದಿನಗಳೊಳಗೆ ಕೆಲವರಿಗೆ ಮೂರ್ಛೆರೋಗದಂತಹ ಸೆಳವು ಬರಬಹುದು. ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಕೆಲವರಲ್ಲಿ ಸನ್ನಿಯ ಅವಸ್ಥೆ ಕಾಣಿಸಿಕೊಳ್ಳುತ್ತದೆ. ರೋಗಿಗೆ ತಾನೆಲ್ಲಿರುವೆನೆಂಬ ಅರಿವು ತಪ್ಪುತ್ತದೆ, ಗೋಡೆಯ ಮೇಲೆ ಹುಳುಗಳು ಹರಿದಾಡುವಂತೆ ಕಾಣುತ್ತದೆ, ಜ್ವರ ಏರುತ್ತದೆ. ಆಸ್ಪತ್ರೆಯ ಚಿಕಿತ್ಸೆಯಿಲ್ಲದಿದ್ದರೆ ಇದು ಪ್ರಾಣಾಪಾಯಕರ.

ಈ ವಿಷಯದಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳುವುದು ಉಚಿತ. ನಾನು ನೌಕರಿಗೆ ಸೇರಿದ ಹೊಸದರಲ್ಲಿ, ಜಗಳದ ಮೊಕದ್ದಮೆಯೊಂದರಲ್ಲಿ ಬಂಧಿತನಾದ ಸುಮಾರು 35 ವಯಸ್ಸಿನ ಕೂಲಿಕಾರನೊಬ್ಬನನ್ನು ಪರೀಕ್ಷೆಗೆ ಕರೆತಂದರು. ಗಾಯಗಳಿವೆಯೇ ಎಂದು ನೋಡಿದೆ, ರಕ್ತದ ಒತ್ತಡ ಅಳೆದೆ, ಮೈಕೈ ನೋವಿಗೆ ಮಾತ್ರೆ ಬರೆದು ಕಳುಹಿಸಿದೆ. ಮೂರನೆಯ ರಾತ್ರಿ ಎರಡು ಗಂಟೆಗೆ ಸಬ್‌ಜೈಲಿನಿಂದ ಅವನನ್ನು ಎತ್ತಿಕೊಂಡು ಬಂದರು. ಸೆಳವು ಬಂದು ನಾಲಗೆ ಕಚ್ಚಿಕೊಂಡಿದ್ದನು. ಪಹರೆಯವನನ್ನು ತೀರಿಕೊಂಡ ತನ್ನ ತಂದೆಯೆಂದು ತಿಳಿದು ಮಾತನಾಡಿಸುತ್ತಿದ್ದನು. ನಾಲ್ಕು ದಿನಗಳ ಶುಶ್ರೂಷೆಯ ನಂತರ ಚೇತರಿಸಿಕೊಂಡನು. ಅವನ ಹೆಂಡತಿ ಬಂದಾಗ, "ಬೆಳಗ್ಗೆ ಬಾಯಿ ತೊಳೆಯೋಕೆ ಮುಂಚೆ ಕುಡೀದಿದ್ರೆ ಲೋಟ ಹಿಡಿಯೋಕೂ ಆಗ್ತಿರಲಿಲ್ಲ. ನಮ್ಮನ್ನ ಯಾರೂ ಕೇಳಲಿಲ್ಲ ಸ್ವಾಮಿ" ಎಂದಳು. ಹೌದು, ಕೇಳಬೇಕಾಗಿದ್ದವನು ನಾನೇ. "ಕೊನೆಯ ಬಾರಿ ಕುಡಿದದ್ದು ಯಾವಾಗ?" ಎಂಬ ಒಂದು ಪ್ರಶ್ನೆ ಸಾಕಾಗಿತ್ತು. ಅಂದಿನಿಂದ ಆ ಪ್ರಶ್ನೆಯನ್ನು ಕೇಳದೆ ಯಾವ ಬಂಧಿತನನ್ನೂ ನಾನು ಕಳುಹಿಸಿಲ್ಲ.

ಬಂಧಿತನನ್ನು ವೈದ್ಯಾಧಿಕಾರಿಯು ಪರೀಕ್ಷಿಸಬೇಕೆಂಬುದು ಕಾನೂನು. ಆ ಸಮಯದಲ್ಲಿ ಮನೆಯವರು ಹತ್ತಿರವಿದ್ದರೆ, ದಿನಕ್ಕೆ ಎಷ್ಟು ಕುಡಿಯುತ್ತಿದ್ದನು, ಕೊನೆಯದಾಗಿ ಕುಡಿದದ್ದು ಎಂದು, ಹಿಂದೆ ಬಿಟ್ಟಾಗ ಸೆಳವು ಬಂದಿತ್ತೇ, ಬೇರೆ ಮಾತ್ರೆ ಅಥವಾ ಚುಚ್ಚುಮದ್ದಿನ ಚಟವಿದೆಯೇ ಎಂಬುದನ್ನು ಸಂಕೋಚವಿಲ್ಲದೆ ತಿಳಿಸಬೇಕು. ನಾಚಿಕೆಯಿಂದ ಮುಚ್ಚಿಟ್ಟ ಮಾತು ಆತನ ಜೀವಕ್ಕೇ ಎರವಾಗಬಹುದು.

ಸೆರೆಮನೆಯೊಳಗಿನ ಚಿಕಿತ್ಸೆ

ಚಿಕಿತ್ಸೆಯಲ್ಲಿ ಮೂರು ಹಂತಗಳುಂಟು. ಮೊದಲನೆಯದು, ನಡುಕವನ್ನೂ ಸೆಳವನ್ನೂ ತಡೆಯುವುದು. ಡಯಾಜೆಪಾಮ್ ಅಥವಾ ಕ್ಲೋರ್‌ಡಯಾಜೆಪಾಕ್ಸೈಡ್ ಎಂಬ ಔಷಧಿಯನ್ನು ವೈದ್ಯರ ನಿಗಾದಲ್ಲಿ ಕೊಟ್ಟು, ಸುಮಾರು ಒಂದು ವಾರದಲ್ಲಿ ಪ್ರಮಾಣವನ್ನು ಇಳಿಸುತ್ತಾ ನಿಲ್ಲಿಸಲಾಗುವುದು. ಯಕೃತ್ತು ಕೆಟ್ಟಿರುವವರಿಗೆ ಲೊರಾಜೆಪಾಮ್ ಹೆಚ್ಚು ಸುರಕ್ಷಿತ. ಇದರೊಡನೆ ಥಯಾಮಿನ್ ಎಂಬ ಬಿ-1 ಜೀವಸತ್ವವನ್ನು ಕೊಡಬೇಕು. ಬಹುಕಾಲ ಕುಡಿದವರಲ್ಲಿ ಈ ಜೀವಸತ್ವವು ಬರಿದಾಗಿರುವುದರಿಂದ, ಥಯಾಮಿನ್ ಕೊಡದೆ ಬರೀ ಗ್ಲೂಕೋಸು ಏರಿಸಿದರೆ ಮಿದುಳಿಗೆ ಹಾನಿಯಾಗುವ ಸಂಭವವಿದೆ. "ಸುಸ್ತಾಗಿದ್ದಾನೆ, ಒಂದು ಬಾಟಲಿ ಗ್ಲೂಕೋಸು ಹಾಕಿಸಿ" ಎಂದು ಒತ್ತಾಯಪಡಿಸುವ ಬಂಧುಗಳು ಇದನ್ನು ನೆನಪಿನಲ್ಲಿಡಬೇಕು.

ಎರಡನೆಯ ಹಂತವು ಮನಸ್ಸಿಗೆ ಸಂಬಂಧಿಸಿದುದು. ಯಾವ ಹೊತ್ತಿನಲ್ಲಿ, ಯಾರ ಜೊತೆಯಲ್ಲಿ, ಯಾವ ದುಃಖಕ್ಕೆ ಕುಡಿಯಬೇಕೆನಿಸುತ್ತದೆ, ಆಗ ಏನು ಮಾಡಬೇಕು ಎಂಬುದನ್ನು ಆಪ್ತಸಮಾಲೋಚಕರು ರೋಗಿಯೊಡನೆ ಕುಳಿತು ವಿಚಾರಮಾಡುತ್ತಾರೆ. ಮದ್ಯದಿಂದ ದೂರವಿರುವ ಈ ದಿನಗಳಲ್ಲಿ ತಲೆ ತಿಳಿಯಾಗಿರುವುದರಿಂದ ಮಾತು ಮನಸ್ಸಿಗೆ ಹತ್ತುತ್ತದೆ.

ಮೂರನೆಯದು, ಕುಡಿಯಬೇಕೆಂಬ ತವಕವನ್ನು ತಗ್ಗಿಸುವ ಔಷಧಿಗಳು. ನಾಲ್‌ಟ್ರೆಕ್ಸೋನ್, ಅಕಾಂಪ್ರೊಸೇಟ್ ಈ ಬಗೆಯವು. ಡೈಸಲ್ಫಿರಾಂ ಎಂಬ ಮಾತ್ರೆಯ ರೀತಿ ಬೇರೆ. ಅದನ್ನು ಸೇವಿಸಿದವನು ಮದ್ಯ ಮುಟ್ಟಿದರೆ ಮುಖ ಕೆಂಪೇರಿ, ವಾಂತಿಯಾಗಿ, ಎದೆಬಡಿತ ಹೆಚ್ಚಿ ಒದ್ದಾಡುವನು. ರಕ್ತದ ಒತ್ತಡ ಕುಸಿದು ಪ್ರಾಣಕ್ಕೇ ಅಪಾಯವಾಗಬಹುದು. ಮಾತ್ರೆ ನಿಲ್ಲಿಸಿದ ಎರಡು ವಾರಗಳವರೆಗೂ ಈ ಅಪಾಯವಿರುತ್ತದೆ. ಆದುದರಿಂದ ರೋಗಿಯು ತಿಳಿದು ಒಪ್ಪಿದರೆ ಮಾತ್ರ ವೈದ್ಯರು ಇದನ್ನು ಕೊಡುತ್ತಾರೆ. ಇಂತಹ ಮಾತ್ರೆಯನ್ನಾಗಲಿ ಯಾರೋ ಮಾರುವ ಪುಡಿಯನ್ನಾಗಲಿ ಗುಟ್ಟಾಗಿ ಸಾರಿನಲ್ಲೋ ಕಾಫಿಯಲ್ಲೋ ಬೆರೆಸಿಕೊಡುವ ಕೆಲಸವನ್ನು ಎಂದಿಗೂ ಮಾಡಬೇಡಿರಿ.

ಹೆರಾಯಿನ್ ಅಥವಾ ಅಫೀಮಿನ ವರ್ಗಕ್ಕೆ ಸೇರಿದ ನೋವುನಿವಾರಕಗಳ ಚಟವಿದ್ದವರಿಗೆ ಬುಪ್ರೆನಾರ್ಫಿನ್ ಎಂಬ ಔಷಧಿಯಿದೆ. ದೆಹಲಿಯ ತಿಹಾರ್ ಕಾರಾಗೃಹದಲ್ಲಿ 2008ರಲ್ಲಿಯೇ ಈ ಚಿಕಿತ್ಸೆಯನ್ನು ಆರಂಭಿಸಿ, ಸೆರೆಮನೆಯೊಳಗೂ ಇದನ್ನು ಕ್ರಮವಾಗಿ ನಡೆಸಬಹುದೆಂದು ತೋರಿಸಲಾಯಿತು.

ಬಿಡುಗಡೆಯ ನಂತರದ ಎರಡು ವಾರಗಳು

ಮೇಲೆ ಹೇಳಿದ ಕೂಲಿಕಾರನ ಕಥೆ ಅಲ್ಲಿಗೆ ಮುಗಿಯಲಿಲ್ಲ. ಸನ್ನಿಯಿಂದ ಪಾರಾದ ಮೇಲೆ ಅವನು ಸಬ್‌ಜೈಲಿಗೆ ಮರಳಿ ನಲವತ್ತು ದಿನ ಇದ್ದನು. ಊಟ ಸೇರಿತು, ಮೈ ತುಂಬಿಕೊಂಡಿತು. ರೋಗ ಹೋಯಿತೆಂದು ಎಲ್ಲರೂ ತಿಳಿದರು, ನಾನೂ ತಿಳಿದೆನು. ಜಾಮೀನಿನ ಮೇಲೆ ಹೊರಬಂದ ಸಂಜೆ ಬಸ್ ನಿಲ್ದಾಣದಲ್ಲಿ ಹಳೆಯ ಗೆಳೆಯರು ಸಿಕ್ಕಿದರು. ಆ ರಾತ್ರಿ ಅವನು ಚರಂಡಿಯ ಬದಿಯಲ್ಲಿ ಎಚ್ಚರವಿಲ್ಲದೆ ಬಿದ್ದಿದ್ದನು. ಮೂರು ತಿಂಗಳೊಳಗೆ ಹೆಂಡತಿಯ ತೋಳು ಮುರಿದ ಆರೋಪದ ಮೇಲೆ ಮತ್ತೆ ಒಳಗೆ ಬಂದನು.

ಹೀಗೇಕಾಗುತ್ತದೆ? ಕೆಲವು ವಾರ ಮದ್ಯವಿಲ್ಲದೆ ಇದ್ದವನ ಶರೀರವು ಹಳೆಯ ತಾಳಿಕೆಯನ್ನು ಕಳೆದುಕೊಂಡಿರುತ್ತದೆ, ಆದರೆ ಕೈಗೆ ಹಳೆಯ ಅಳತೆಯೇ ರೂಢಿ. ಹಿಂದೆ ತಡೆದುಕೊಳ್ಳುತ್ತಿದ್ದಷ್ಟೇ ಕುಡಿದರೂ ಎಚ್ಚರತಪ್ಪಿ ಬೀಳುವನು. ವಾಂತಿಯು ಶ್ವಾಸನಾಳಕ್ಕೆ ಹೋಗಬಹುದು, ತಲೆಗೆ ಪೆಟ್ಟಾಗಬಹುದು. ಹೆರಾಯಿನ್ ಮತ್ತು ಚುಚ್ಚುಮದ್ದಿನ ಚಟವಿದ್ದವರಲ್ಲಂತೂ ಹಳೆಯ ಪ್ರಮಾಣವೇ ಉಸಿರಾಟವನ್ನು ನಿಲ್ಲಿಸಿಬಿಡುತ್ತದೆ.

ಈ ಎರಡನೆಯ ಬಗೆಯ ಚಟವು ಹೆಚ್ಚಾಗಿರುವ ಅಮೆರಿಕ ದೇಶದಲ್ಲಿ ಇದನ್ನು ಲೆಕ್ಕಹಾಕಿ ನೋಡಿದ್ದಾರೆ. ವಾಷಿಂಗ್ಟನ್ ರಾಜ್ಯದ ಸೆರೆಮನೆಗಳಿಂದ 1999 ರಿಂದ 2003ರವರೆಗೆ ಬಿಡುಗಡೆಯಾದ 30,000ಕ್ಕೂ ಹೆಚ್ಚು ಮಂದಿಯ ಅಧ್ಯಯನವು 2007ರಲ್ಲಿ ಪ್ರಕಟವಾಯಿತು. ಬಿಡುಗಡೆಯ ಮೊದಲ ಎರಡು ವಾರಗಳಲ್ಲಿ ಅವರ ಸಾವಿನ ಸಂಭವವು ಇತರ ನಿವಾಸಿಗಳಿಗಿಂತ ಸುಮಾರು 12.7 ಪಟ್ಟು ಅಧಿಕವಾಗಿತ್ತು. ಮಾದಕವಸ್ತುವಿನ ಅತಿಸೇವನೆಯಿಂದ ಸಾಯುವ ಸಂಭವವು 129 ಪಟ್ಟು. ಅದೇ ದೇಶದ ರೋಡ್ ಐಲೆಂಡ್ ರಾಜ್ಯದಲ್ಲಿ 2016ರಿಂದ ಸೆರೆಮನೆಯೊಳಗೇ ಔಷಧಿಯನ್ನು ಆರಂಭಿಸಿ, ಬಿಡುಗಡೆಯಾದೊಡನೆ ಹೊರಗಿನ ಚಿಕಿತ್ಸಾಲಯಕ್ಕೆ ಜೋಡಿಸುವ ಏರ್ಪಾಡು ಮಾಡಿದರು. 2016ರ ಮೊದಲ ಆರು ತಿಂಗಳಲ್ಲಿ, ಸೆರೆಯಿಂದ ಬಂದು ಹೆಚ್ಚು ಕಾಲವಾಗದೆ ಅತಿಸೇವನೆಯಿಂದ ಸತ್ತವರು 26 ಮಂದಿ; 2017ರ ಅದೇ ಅವಧಿಯಲ್ಲಿ 9 ಮಂದಿ. ನಮ್ಮಲ್ಲಿ ಮದ್ಯವೇ ಮುಖ್ಯವಾದ ಚಟವಾದರೂ ಈ ಪಾಠವು ನಮಗೂ ಸಲ್ಲುತ್ತದೆ. ಒಳಗಿನ ಚಿಕಿತ್ಸೆಯೂ ಹೊರಗಿನ ಚಿಕಿತ್ಸೆಯೂ ನಡುವೆ ತುಂಡಾಗಬಾರದು.

ಬಿಡುಗಡೆಯ ದಿನವು ತಿಳಿಯದಿರುವಾಗ

ನಮ್ಮ ದೇಶದ ಸೆರೆಮನೆಗಳಲ್ಲಿರುವವರಲ್ಲಿ ನೂರಕ್ಕೆ ಸುಮಾರು 76 ಮಂದಿ ವಿಚಾರಣಾಧೀನ ಬಂದಿಗಳೆಂದು 2022ರ ಸರ್ಕಾರಿ ಅಂಕಿಅಂಶಗಳು ಹೇಳುತ್ತವೆ. ಶಿಕ್ಷೆಯಾದವನ ಬಿಡುಗಡೆಯ ದಿನ ಮೊದಲೇ ಗೊತ್ತಿರುತ್ತದೆ. ವಿಚಾರಣಾಧೀನನಿಗಾದರೋ ಯಾವ ಸಂಜೆ ಬೇಕಾದರೂ ಜಾಮೀನಿನ ಆದೇಶ ಬರಬಹುದು. ಆದುದರಿಂದ ಬಿಡುಗಡೆಯ ಸಿದ್ಧತೆಯನ್ನು ಕೊನೆಯ ವಾರಕ್ಕೆಂದು ಇಟ್ಟುಕೊಳ್ಳುವುದು ನಿಷ್ಪ್ರಯೋಜಕ. ಒಳಗೆ ಬಂದ ಮೊದಲ ವಾರದಲ್ಲೇ ಅದು ಆರಂಭವಾಗಬೇಕು.

ಆ ಕೂಲಿಕಾರನು ಎರಡನೆಯ ಬಾರಿ ಬಂದಾಗ ನಾವು ಹೀಗೆಯೇ ಮಾಡಿದೆವು. ಮೊದಲ ದಿನವೇ ನಡುಕಕ್ಕೆ ಔಷಧಿ ಆರಂಭವಾಯಿತು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರು ನೋಡಿ, ಯಕೃತ್ತಿನ ಪರೀಕ್ಷೆ ಮಾಡಿಸಿ, ತವಕ ತಗ್ಗಿಸುವ ಮಾತ್ರೆ ಬರೆದರು. ರೋಗದ ವಿವರ, ಕೊಡುತ್ತಿರುವ ಔಷಧಿ, ಮುಂದೆ ಎಲ್ಲಿಗೆ ಹೋಗಬೇಕೆಂಬುದನ್ನೆಲ್ಲ ಬರೆದ ಚೀಟಿಯನ್ನು ಸಿದ್ಧಪಡಿಸಿ, ಒಂದು ವಾರದ ಮಾತ್ರೆಗಳೊಡನೆ ಸಬ್‌ಜೈಲಿನಲ್ಲೇ ಇಡಿಸಿದೆವು. ಹೆಂಡತಿಯು ಅವನನ್ನು ಕೂಡಲೇ ಮನೆಗೆ ಸೇರಿಸಿಕೊಳ್ಳಲು ಒಪ್ಪಲಿಲ್ಲ. ತೋಳಿಗೆ ಕಟ್ಟಿದ ಪಟ್ಟಿ ಇನ್ನೂ ಬಿಚ್ಚಿರಲಿಲ್ಲ. ಅವಳ ನಿರ್ಧಾರವು ನ್ಯಾಯವಾದುದೇ ಆಗಿತ್ತು. ಅವನ ಅಕ್ಕ ಮತ್ತು ಭಾವ ತಮ್ಮ ಮನೆಯಲ್ಲಿರಿಸಿಕೊಳ್ಳಲು ಮುಂದೆ ಬಂದರು.

ಹತ್ತೊಂಬತ್ತನೆಯ ದಿನ ಸಂಜೆ ಜಾಮೀನು ಬಂದಿತು. ಭಾವನು ಬಾಗಿಲಲ್ಲಿ ನಿಂತಿದ್ದನು. ಮರುದಿನ ಬೆಳಗ್ಗೆ ಇಬ್ಬರೂ ನಮ್ಮ ಹೊರರೋಗಿ ವಿಭಾಗದ ಸಾಲಿನಲ್ಲಿದ್ದರು. ನಾಲ್ಕನೆಯ ತಿಂಗಳಲ್ಲಿ ಜಾತ್ರೆಗೆ ಹೋದಾಗ ಅವನು ಮತ್ತೆ ಕುಡಿದದ್ದುಂಟು. ಆದರೆ ಮೂರನೆಯ ದಿನ ಯಾರೂ ಕರೆತರದೆ ತಾನೇ ಆಸ್ಪತ್ರೆಗೆ ಬಂದನು. ಇದೆಲ್ಲ ನಡೆದು ಎರಡು ವರ್ಷಗಳಾದವು. ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದಾನೆ, ಹೆಂಡತಿ ಮಕ್ಕಳೊಡನೆ ಇದ್ದಾನೆ, ತಿಂಗಳಿಗೊಮ್ಮೆ ಬಂದು ಹೋಗುತ್ತಾನೆ. ಪೂರ್ಣ ಗುಣವಾಯಿತೆಂದು ನಾನು ಹೇಳಲಾರೆ. ಸಕ್ಕರೆ ಕಾಯಿಲೆಯಂತೆ ಇದೂ ಬಹುಕಾಲ ಜಾಗ್ರತೆಯನ್ನು ಬೇಡುವ ರೋಗ.

ತಪ್ಪು ಮಾಡಿದವನಿಗೆ ಇಷ್ಟೆಲ್ಲ ಏಕೆ?

ಈ ಪ್ರಶ್ನೆಯನ್ನು ಅನೇಕರು ಕೇಳುವರು. ವಿಚಾರಣಾಧೀನನು ಇನ್ನೂ ಅಪರಾಧಿಯೆಂದು ತೀರ್ಮಾನವಾದವನಲ್ಲ. ಅಪರಾಧವು ರುಜುವಾತಾದರೂ ನ್ಯಾಯಾಲಯವು ವಿಧಿಸುವುದು ಸೆರೆವಾಸವನ್ನು ಮಾತ್ರ, ರೋಗವನ್ನಲ್ಲ. ಚಿಕಿತ್ಸೆ ಪಡೆದ ಮಾತ್ರಕ್ಕೆ ಮೊಕದ್ದಮೆಯು ರದ್ದಾಗುವುದೂ ಇಲ್ಲ. ಚಿಕಿತ್ಸೆಯಿಲ್ಲದೆ ಹೊರಬಂದವನ ಕುಡಿತದ ಬೆಲೆಯನ್ನು ತೆರುವವರು ಅವನ ಹೆಂಡತಿ ಮಕ್ಕಳು.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಮದ್ಯ ಮತ್ತು ಮಾದಕವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ಮಾನಸಿಕ ಕಾಯಿಲೆಯಲ್ಲಿ ಸೇರಿಸಿದೆ. ಸೆರೆಮನೆಯ ವೈದ್ಯಾಧಿಕಾರಿಗಳಿಗೆ ಈ ಬಗ್ಗೆ ತರಬೇತಿ ಕೊಡಬೇಕೆಂದೂ ವಿಧಿಸಿದೆ. 1985ರ ಮಾದಕದ್ರವ್ಯಗಳ ಕಾಯಿದೆಯ 64-ಎ ಕಲಮಿನಂತೆ, ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪವಿರುವ ವ್ಯಸನಿಯು ತಾನಾಗಿಯೇ ಸರ್ಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆಯಲು ಮುಂದಾದರೆ ವಿಚಾರಣೆಯಿಂದ ವಿನಾಯಿತಿಯುಂಟು. ಚಿಕಿತ್ಸೆಯನ್ನು ಪೂರ್ತಿಗೊಳಿಸದಿದ್ದರೆ ಆ ವಿನಾಯಿತಿಯನ್ನು ಹಿಂತೆಗೆದುಕೊಳ್ಳಬಹುದು. ಸೆರೆಯಲ್ಲಿರುವವರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರ ನೆರವೂ ದೊರೆಯುತ್ತದೆ.

ಮನೆಯವರು ಗಮನಿಸತಕ್ಕ ಅಂಶಗಳು

1. ಬಂಧನವಾದ ದಿನವೇ ಕುಡಿತದ ಅಥವಾ ಇತರ ಚಟದ ವಿವರವನ್ನು ವೈದ್ಯರಿಗೂ ಜೈಲಿನ ಅಧಿಕಾರಿಗಳಿಗೂ ತಿಳಿಸಿರಿ.

2. ಭೇಟಿಗೆ ಹೋದಾಗ ನಡುಕ, ಸೆಳವು, ಅಸಂಬದ್ಧ ಮಾತು ಕಂಡರೆ "ನಾಟಕ ಮಾಡುತ್ತಿದ್ದಾನೆ" ಎನ್ನದೆ ವೈದ್ಯರನ್ನು ಕರೆಸುವಂತೆ ಕೇಳಿರಿ.

3. ಕನಿಕರಪಟ್ಟು ಒಳಗೆ ಮದ್ಯವನ್ನೋ ಮಾತ್ರೆಗಳನ್ನೋ ಸಾಗಿಸಬೇಡಿರಿ. ಅದು ಅಪರಾಧ; ಅಪಾಯವೂ ಹೌದು.

4. ಯಾರು ಬಾಗಿಲಿಗೆ ಬಂದು ಕರೆದುಕೊಂಡು ಹೋಗುವರು, ಮೊದಲ ಎರಡು ವಾರ ಎಲ್ಲಿರುವನು, ಯಾವ ಆಸ್ಪತ್ರೆಗೆ ಹೋಗುವನು ಎಂಬ ಮೂರು ವಿಷಯಗಳನ್ನು ಮೊದಲೇ ಗೊತ್ತುಮಾಡಿರಿ.

5. ಬಿಡುಗಡೆಯಾದಾಗ ಔಷಧಿಯ ಚೀಟಿಯನ್ನು ಕೇಳಿ ಪಡೆಯಿರಿ. ಮರುದಿನವೇ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆತನ್ನಿರಿ.

6. ಮತ್ತೆ ಕುಡಿದರೆ ಎಲ್ಲವೂ ಮುಗಿಯಿತೆಂದು ಕೈಚೆಲ್ಲದೆ ಪುನಃ ಚಿಕಿತ್ಸೆಗೆ ತನ್ನಿರಿ. ಎಚ್ಚರತಪ್ಪಿ ಬಿದ್ದಿದ್ದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ, 108 ಆಂಬುಲೆನ್ಸನ್ನು ಕರೆಯಿರಿ.

7. ಹೊಡೆತ ತಿಂದ ಹೆಂಡತಿಯು ಹೆದರಿಕೆಯಿರುವಾಗ ಅವನನ್ನು ಮನೆಗೆ ಸೇರಿಸಿಕೊಳ್ಳಬೇಕಾದ ಬಲವಂತವಿಲ್ಲ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯಿದೆಯಂತೆ ಸಂರಕ್ಷಣಾಧಿಕಾರಿಯ ನೆರವನ್ನು ಪಡೆಯಬಹುದು.

ವ್ಯಸನಮುಕ್ತಿಯ ಬಗ್ಗೆ 14446, ಮಾನಸಿಕ ಆರೋಗ್ಯದ ಬಗ್ಗೆ 14416 ಈ ಸಂಖ್ಯೆಗಳಿಗೆ ಉಚಿತವಾಗಿ ದೂರವಾಣಿ ಮಾಡಿ ಸಲಹೆ ಕೇಳಬಹುದು.

ನಿಮ್ಮ ಮನೆಯಲ್ಲಾಗಲಿ ನೆರೆಮನೆಯಲ್ಲಾಗಲಿ ಯಾರಾದರೂ ಇಂದು ಸೆರೆಮನೆಯಲ್ಲಿದ್ದು, ಅವರಿಗೆ ಇಂತಹ ಚಟವಿದ್ದರೆ, ಅವರು ಹೊರಬರುವ ದಿನಕ್ಕಾಗಿ ಕಾಯಬೇಡಿರಿ. ಈ ವಾರದಲ್ಲೇ ನಿಮ್ಮ ತಾಲೂಕು ಆಸ್ಪತ್ರೆಯ ವೈದ್ಯಾಧಿಕಾರಿಯನ್ನು ಕಂಡು ವಿಷಯ ತಿಳಿಸಿರಿ. ನಾವು ಕೇಳಲು ಮರೆತಿದ್ದರೆ ನೀವಾಗಿಯೇ ಹೇಳಿರಿ.